ತೂಕದ ದಿನ ಆಯಿ ಹಾಕಿದ ಕೊಂಡಿ

ನಮ್ಮ ಓಣಿಯಲ್ಲಿ ತೆಳ್ಳಗಿನ ಹುಡುಗಿಯರಿಗೆ ಬೆಲೆ ಬಂದದ್ದು ಎರಡು ಸಾವಿರದ ಮೂರನೆಯ ಇಸವಿಯಲ್ಲಿ. ಅದಕ್ಕೂ ಮೊದಲು ನನ್ನನ್ನು ಕಂಡಾಗಲೆಲ್ಲ ಆಯಿ, ಅಂದರೆ ನಮ್ಮ ಅಪ್ಪನ ತಾಯಿ ಚಂದ್ರವ್ವ, "ಚೇತಿ, ಗಾಳಿ ಬಿಟ್ಟೈತಿ, ಗ್ವಾಡಿ ಹಿಡಕೊಂಡು ನಡಿ" ಎಂದು ಹಂಗಿಸುತ್ತಿದ್ದಳು. "ಈ ಜ್ವಾಳದ ದಂಟಿಗೆ ಯಾವ ಗಂಡು ಬಂದಾನು" ಎಂದು ನೆರೆಯವರ ಮುಂದೆ ಹಾಡಿಕೊಳ್ಳುತ್ತಿದ್ದಳು. ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಆಯಿ, ನಾನು ಎರಡನೆಯ ರೊಟ್ಟಿಗೆ ಕೈ ಚಾಚಿದರೆ ಬುಟ್ಟಿಯನ್ನೇ ತನ್ನ ಕಡೆ ಎಳೆದುಕೊಳ್ಳತೊಡಗಿದಳು.

ಇದಕ್ಕೆಲ್ಲ ಕಾರಣ ಕಮತಗಿಯ ನಮ್ಮ ಓಣಿಯ ಅಂಗನವಾಡಿಗೆ ಬಂದ ಹೊಸ ಯೋಜನೆ. ಹರೆಯದ ಹುಡುಗಿಯರನ್ನು ತಿಂಗಳಿಗೊಮ್ಮೆ ತೂಗುತ್ತಾರೆ. ಮೂವತ್ತೈದು ಕಿಲೋಗಿಂತ ಕಡಿಮೆ ಇದ್ದವರಿಗೆ ಆ ತಿಂಗಳ ಅಕ್ಕಿ, ಗೋಧಿ ಪುಕ್ಕಟೆ, ಜೊತೆಗೆ ಒಂದು ಪೊಟ್ಟಣ ಸಿಹಿ ಪುಡಿ. ರಕ್ತ ಹೆಚ್ಚಿಸುವ ಗುಳಿಗೆ ಮಾತ್ರ ಎಲ್ಲರಿಗೂ ಉಂಟು, ವಾರಕ್ಕೊಂದು, ಅಂಗನವಾಡಿ ನಡೆಸುವ ಶೀಲಾ ಅಕ್ಕೋರ ಕಣ್ಣೆದುರಿಗೇ ನುಂಗಬೇಕು. ತೂಕದ ಮುಳ್ಳು ಮೂವತ್ತೈದು ದಾಟಿತೋ, ಅಕ್ಕಿ ಬಂದ್. ಅಂದರೆ ಉಂಡು ಗಟ್ಟಿಯಾದವಳ ಊಟ ನಿಲ್ಲುತ್ತದೆ. ಇದನ್ನು ಯಾರು ಯೋಚಿಸಿ ಮಾಡಿದರೋ, ನಮ್ಮ ಓಣಿಯ ಹೆಂಗಸರು ಒಂದೇ ದಿನದಲ್ಲಿ ಅರ್ಥ ಮಾಡಿಕೊಂಡರು.

ನಳದ ಮುಂದೆ ಕೊಡ ಹಚ್ಚಿ ನಿಂತ ತಾಯಂದಿರು ಮಕ್ಕಳ ತೂಕವನ್ನು ಪರೀಕ್ಷೆಯ ಅಂಕದ ಹಾಗೆ ಹೇಳಿಕೊಳ್ಳುತ್ತಿದ್ದರು. ಕಡಿಮೆ ಬಂದವರು ಮುಂದೆ.

"ನಮ್ಮಕಿ ಮೂವತ್ತೆರಡು."

"ಅಷ್ಟ ಏನ? ನಮ್ಮಕಿ ಇಪ್ಪತ್ತೊಂಬತ್ತ ನೋಡವಾ. ಹುಟ್ಟಿದಾಗಿಂದ ಹಂಗ ಅದಾಳ, ದೇವರ ದಯಾ."

ಕಾಶಪ್ಪನ ಹೆಂಡತಿ ಮಾತ್ರ ತಲೆ ತಗ್ಗಿಸಿಕೊಂಡು ಬಂದು, ನೀರು ತುಂಬಿಕೊಂಡು, ಹಾಗೇ ಹೋಗುತ್ತಿದ್ದಳು. ಅವಳ ಮಗಳು ಮೈಕೈ ತುಂಬಿಕೊಂಡು ಚೆನ್ನಾಗಿದ್ದಳು. ಪಾಪ, ಅವಳನ್ನು ಕಂಡರೆ ಎಲ್ಲರೂ ಅಯ್ಯೋ ಅನ್ನುತ್ತಿದ್ದರು.

ಮೊದಲ ತೂಕದಲ್ಲಿ ನಾನು ಮೂವತ್ಮೂರು ಬಂದೆ. ಆಯಿ ನನ್ನ ದೃಷ್ಟಿ ತೆಗೆದಳು.

ನಾನು ಏಳನೆಯ ಇಯತ್ತೆ ಮುಗಿಸಿ ಸಾಲಿ ಬಿಟ್ಟವಳು. ಮನೆಯಲ್ಲಿ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತುವುದು ನನ್ನ ಕೆಲಸ. ಆ ಕಂಡಿಕೆಯನ್ನು ಅಪ್ಪ ಲಾಳಿಯಲ್ಲಿ ಹಾಕಿಕೊಂಡು ನೇಯುತ್ತಿದ್ದ. ಕಂಡಿಕೆ ಸುತ್ತುವವಳಿಗೆ ಕೈಗೆ ಕೆಲಸ, ಕಣ್ಣಿಗೆ ಬಿಡುವು. ಬಾಯಿಗೆ ಎರಡೂ ಇಲ್ಲ. ನನಗೆ ಅದು ಹೊಂದುತ್ತಿತ್ತು. ನಾಲ್ಕು ಜನರ ಮುಂದೆ ಮಾತಾಡಬೇಕೆಂದರೆ ನನ್ನ ಗಂಟಲು ಬಾವಿಯ ತಳ ಸೇರುತ್ತಿತ್ತು.

ನಮ್ಮ ಪಡಸಾಲೆಯಲ್ಲಿ ಎರಡು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತ ನೇಯುವಂಥವು. ಒಂದರಲ್ಲಿ ಅಪ್ಪ ಗೋವಿಂದಪ್ಪ ಕೂಡುತ್ತಿದ್ದ. ಇನ್ನೊಂದು ಅವ್ವನದು. ಯುಗಾದಿಯ ಆಚೆ ಒಂದು ಮಧ್ಯಾಹ್ನ, ಲಾಳಿ ಎಸೆದ ಕೈ ಎಸೆದ ಹಾಗೆಯೇ ಇರುವಾಗ, ಅವ್ವ ಕಣ್ಣು ಕತ್ತಲೆ ಬಂದು ಹಾಸಿನ ಮೇಲೆ, ಮಗ್ಗಕ್ಕೆ ಉದ್ದಕ್ಕೆ ಬಿಗಿದ ಎಳೆಗಳ ಮೇಲೆ, ಮುಖ ಅಡಿಯಾಗಿ ಬಿದ್ದಳು. ಮೈಯಲ್ಲಿ ರಕ್ತವೇ ಇಲ್ಲ ಎಂದು ದವಾಖಾನೆಯಲ್ಲಿ ಬೈದು ಕಳಿಸಿದರು. ಅಂದಿನಿಂದ ಅಪ್ಪ ಅವಳನ್ನು ಮಗ್ಗಕ್ಕೆ ಕೂಡಿಸಲಿಲ್ಲ. ಉಳಿದ ಹಾಸಿನ ಮೇಲೆ ಹಳೆಯ ಚಾದರ ಹೊದಿಸಿಟ್ಟ.

ನನಗೆ ಆ ಮಗ್ಗ ಬೇಕಾಗಿತ್ತು. ಅಪ್ಪ ಊರಲ್ಲಿ ಇಲ್ಲದಾಗ ಚಾದರ ಸರಿಸಿ ಹಾಸಿನ ಎಳೆಗಳ ಮೇಲೆ ಕೈ ಆಡಿಸಿ ಮತ್ತೆ ಮುಚ್ಚುತ್ತಿದ್ದೆ. ಬಾಯಿಬಿಟ್ಟು ಕೇಳುವ ಧೈರ್ಯ ಇಲ್ಲದೆ ಅವ್ವನಿಂದ ಕೇಳಿಸಿದೆ. ಅಪ್ಪ ಲಾಳಿ ನಿಲ್ಲಿಸದೆಯೇ ಹೇಳಿದ.

"ಆಕಿ ಕಡ್ಡಿ ಅದಾಳಂತ ಸರಕಾರನ ಬರಕೊಂಡು ಅಕ್ಕಿ ಕೊಡಾಕತ್ತೈತಿ. ಅಂಥಾಕಿನ ಕೂಡಿಸಿ, ಮತ್ತೊಂದು ಹೆಣ್ಣು ಹಾಸಿನ ಮ್ಯಾಲ ಬೀಳೂದ ನೋಡ್ಲೇನು ನಾ? ಆ ಅಕ್ಕಿ ಬಂದ್ ಆದ ದಿನಾ ಬಂದು ಕೂಡ ಅನ್ನು."

ಇಷ್ಟೇ ಆಗಿದ್ದರೆ ಕಾಯಬಹುದಿತ್ತು. ಆದರೆ ಸೂಳೇಭಾವಿಯ ನೇಕಾರ ಹುಲ್ಲಪ್ಪ ಆ ಮಗ್ಗವನ್ನು ಕೊಳ್ಳಲು ಕೇಳಿದ್ದ. ಖಾಲಿ ಮಗ್ಗ ಮನೆಯಲ್ಲಿ ಇರಬಾರದೆಂದು ಅಪ್ಪ ಒಪ್ಪಿದ್ದ. ಸಂಕ್ರಮಣದ ಮರುದಿನ ಗಾಡಿ ತರುತ್ತೇನೆ, ಅಷ್ಟರೊಳಗೆ ಯಾರಾದರೂ ಕೂತರೆ ಸರಿ, ಇಲ್ಲದಿದ್ದರೆ ಬಿಚ್ಚಿಕೊಂಡು ಹೋಗುತ್ತೇನೆ ಎಂದು ಹುಲ್ಲಪ್ಪ ಮಾತಾಡಿ ಹೋದ.

ಹೀಗಾಗಿ ಸಂಕ್ರಮಣದ ಒಳಗೆ ನಾನು ಮೂವತ್ತೈದು ದಾಟಬೇಕಿತ್ತು, ಅದೂ ಆಯಿಯ ಕಣ್ಣು ತಪ್ಪಿಸಿ.

ಮೊದಲು ಗುಳಿಗೆ. ನಮ್ಮ ಗುಂಪಿನ ಹುಡುಗಿಯರು ಯಾರೂ ಅದನ್ನು ನುಂಗುತ್ತಿರಲಿಲ್ಲ. ನಾಲಿಗೆಯ ಅಡಿಗೆ ಇಟ್ಟುಕೊಂಡು, ನೀರು ಕುಡಿದು, ಅಕ್ಕೋರಿಗೆ ಬಾಯಿ ತೆರೆದು ತೋರಿಸಿ, ಹೊರಗೆ ಬಂದು ನುಗ್ಗೆ ಗಿಡದ ಬುಡಕ್ಕೆ ಉಗುಳುತ್ತಿದ್ದರು. ಆ ಗಿಡದಷ್ಟು ರಕ್ತ ಕಮತಗಿಯಲ್ಲಿ ಯಾರಿಗೂ ಇರಲಿಲ್ಲ. ಗುಳಿಗೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂದು ಯಾರೋ ಹಬ್ಬಿಸಿದ್ದರು. ಗಡ್ಡ ಬರುತ್ತದೆ ಎಂದು ಹಬ್ಬಿಸಿದವಳು ಮಾತ್ರ ನನಗೆ ಗೊತ್ತು. ಅವಳು ನನ್ನ ಗೆಳತಿ ಬಾನುಬಿ.

ನಾನು ನುಂಗಿದೆ. ಮೊದಲ ವಾರ ಹೊಟ್ಟೆ ತೊಳಸಿತು. ಮರುದಿನ ಬಯಲಿಗೆ ಹೋದಾಗ ಕಪ್ಪಗೆ ಆಯಿತು. ಹೆದರಿ ಬಾನುಬಿಗೆ ಹೇಳಿದೆ.

"ಒಳಗಿನ ಕಾಡಿಗಿ ಹೊರಗ ಬಿದ್ದೈತಿ, ಬಿಡು" ಎಂದಳು. "ಗಡ್ಡ ಬಂದಾಗ ಹೇಳು, ನೋಡಾಕ ಬರತೇನಿ."

ಶೀಲಾ ಅಕ್ಕೋರು ಮಾತ್ರ ಅದು ಹಾಗೆಯೇ ಆಗುವುದು, ಊಟ ಮಾಡಿ ನುಂಗು, ಮೇಲೆ ಚಾ ಕುಡಿಯಬೇಡ ಎಂದರು. ಕೆಲವು ವಾರ ಕಳೆದ ಮೇಲೆ ಒಂದು ದಿನ ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು ಮನೆಯ ಮೆಟ್ಟಿಲು ಹತ್ತಿದೆ. ಕಿವಿಯಲ್ಲಿ ಎಂದಿನ ಡೋಲು ಬಡಿಯಲಿಲ್ಲ. ನಿಂತು ಕೇಳಿದೆ. ಇರಲಿಲ್ಲ.

ಆಮೇಲೆ ಊಟ. ನಮ್ಮ ಮನೆಗೆ ಬಂದ ಸಿಹಿ ಪುಡಿಯನ್ನು ಆಯಿ ಉಂಡಿ ಕಟ್ಟಿ, ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ತನ್ನ ಗಂಟಿನಲ್ಲಿ ಕಟ್ಟಿಕೊಂಡಿರುತ್ತಿದ್ದಳು. ಯಾರಾದರೂ ಮನೆಗೆ ಬಂದರೆ ಅದರಲ್ಲಿ ಒಂದು ಸಿಗುತ್ತಿತ್ತು, ನನಗೆ ಸಿಗುತ್ತಿರಲಿಲ್ಲ. ಬಾನುಬಿಯ ತಾಯಿ ಲಾಲಬಿ ಬಸ್‌ಸ್ಟ್ಯಾಂಡಿನಲ್ಲಿ ಹುರಿದ ಶೇಂಗಾ ಮಾರುತ್ತಿದ್ದಳು. ಸೀದ ಕಾಳು, ಒಡೆದ ಕಾಳು ಮನೆಯಲ್ಲೇ ಉಳಿಯುತ್ತಿದ್ದವು. ನಾನು ಕಂಡಿಕೆಯ ಬುಟ್ಟಿ ಹೊತ್ತುಕೊಂಡು ಅವರ ಕಟ್ಟೆಗೆ ಹೋಗಿ ಕೂತು, ನೂಲು ಸುತ್ತುತ್ತ ಶೇಂಗಾ ಬೆಲ್ಲ ತಿನ್ನುತ್ತಿದ್ದೆ. ಲಾಲಬಿ ನೋಡಿಯೂ ನೋಡದ ಹಾಗೆ ಇನ್ನೊಂದು ಹಿಡಿ ಹಾಕಿ ಹೋಗುತ್ತಿದ್ದಳು.

ಮುಂದಿನ ಎರಡು ತೂಕಗಳಲ್ಲಿ ಮುಳ್ಳು ಮೆಲ್ಲಗೆ ಏರುತ್ತ ಬಂತು. ಎರಡನೆಯದು ಮೂವತ್ತೈದಕ್ಕೆ ಮುಟ್ಟುವಷ್ಟು ಹತ್ತಿರ ನಿಂತಿತು. ಅಂದು ಸಂಜೆ ಆಯಿ ನನ್ನ ರಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ಹೊಸಕಿ ನೋಡಿದಳು, ನೂಲು ನೋಡುವ ಹಾಗೆ.

"ಎಳಿ ದಪ್ಪ ಆಗಾಕತ್ತೈತಿ" ಎಂದಳು. "ಎಲ್ಲಿ ತಿನ್ನಾಕತ್ತೀಯೇ ನೀ?"

ನಾನು ರಾಟಿ ತಿರುಗಿಸತೊಡಗಿದೆ. ಮುಂದಿನ ತೂಕ ಸಂಕ್ರಮಣದ ಮರುದಿನವೇ ಇತ್ತು. ಆಯಿಯ ಬಾಯಿ ಬೊಚ್ಚಾಗಿದ್ದರೂ ತಲೆ ಬೊಚ್ಚಲ್ಲ. ಎರಡು ದಿನ ಮೂಲೆಯಲ್ಲಿ ಕೂತು ವಿಚಾರ ಮಾಡಿದಳು.

ಇಲ್ಲಿ ಕೊಂಡಿಯ ವಿಷಯ ಹೇಳಬೇಕು. ನಮ್ಮ ಕಡೆಯ ಸೀರೆಗೆ ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎರಡರ ಎಳೆಗಳನ್ನು ಒಂದರ ಕುಣಿಕೆಯೊಳಗೆ ಇನ್ನೊಂದರ ಕುಣಿಕೆ ತೂರಿಸಿ ಜೋಡಿಸುತ್ತಾರೆ. ಅದಕ್ಕೆ ಕೊಂಡಿ ಎನ್ನುತ್ತಾರೆ. ಗಂಟು ಇರುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ಆಯಿ ತನ್ನದೇ ಒಂದು ಸುತ್ತು ಸೇರಿಸಿ ಹಾಕುತ್ತಿದ್ದಳು. ಅವಳ ಕೊಂಡಿ ಎಳೆದಷ್ಟೂ ಬಿಗಿಯಾಗುತ್ತಿತ್ತು, ಸಡಿಲು ಬಿಟ್ಟಾಗ ಮಾತ್ರ ಬಿಚ್ಚುತ್ತಿತ್ತು. ಬಿಚ್ಚುವುದೂ ಅವಳಿಗೇ ಗೊತ್ತು. ಇಳಕಲ್ಲದ ಸಾವಕಾರರು ಕೂಡ ಸೀರೆ ತಿರುವಿ ನೋಡಿ "ಇದು ಕಮತಗಿ ಚಂದ್ರವ್ವನ ಕೈ" ಅನ್ನುತ್ತಿದ್ದರು.

ಆಯಿ ಮಗ್ಗದಲ್ಲಿ ಉಳಿದ ಕೆಂಪು ರೇಷ್ಮೆಯ ತುದಿಗಳನ್ನು ಹೊಸೆದು ಉದ್ದನೆಯ ದಾರ ಮಾಡಿದಳು. ತೆಳ್ಳಗೆ, ಆದರೆ ಕೊಡ ಹಾಕಿ ಸೇದಿದರೂ ಹರಿಯದಂಥದ್ದು. ಆಮೇಲೆ ಬಾನುಬಿಯನ್ನು ಕರೆಸಿ ಗಂಟು ಬಿಚ್ಚಿ ಡಬ್ಬಿ ತೆರೆದಳು. ನಾನು ಅಲ್ಲೇ ರಾಟಿಯ ಮುಂದೆ ಇದ್ದೆ.

ಅಂಗನವಾಡಿ ಇದ್ದದ್ದು ಒಂದು ಕಾಲಕ್ಕೆ ನೇಕಾರರದೇ ಆಗಿದ್ದ ಮನೆಯಲ್ಲಿ. ಅದರ ತೊಲೆಯಿಂದ ಕೂಸುಗಳನ್ನು ತೂಗುವ ತಕ್ಕಡಿಯ ಹಗ್ಗ, ತೊಟ್ಟಿಲ ಹಗ್ಗ ಎಂದು ಏನೇನೋ ಇಳಿಬಿದ್ದಿದ್ದವು. ಅವುಗಳ ನಡುವೆ ಇನ್ನೊಂದು ದಾರ ಯಾರ ಕಣ್ಣಿಗೂ ಬೀಳುವುದಿಲ್ಲ ಎಂಬುದು ಆಯಿಯ ಲೆಕ್ಕ. ಬಾನುಬಿ ಮೊದಲೇ ಹೋಗಿ ಅದನ್ನು ತೊಲೆಯ ಮೇಲೆ ಹಾಯಿಸಿ ಹಿಂದಿನ ಕಿಡಕಿಯಿಂದ ಹೊರಗೆ ಬಿಡುತ್ತಾಳೆ. ಒಳಗಿನ ತುದಿಯನ್ನು ಆಯಿ ನನ್ನ ಜಡೆ ಸರಿಮಾಡುವ ನೆವದಲ್ಲಿ, ಪೋಲಕದ ಒಳಗೆ ಸೊಂಟಕ್ಕೆ ಕಟ್ಟಿದ ಪಟ್ಟಿಗೆ ಕೊಂಡಿ ಹಾಕುತ್ತಾಳೆ. ಹೊರಗಿನ ತುದಿ ಬಾನುಬಿಯ ಕೈಯಲ್ಲಿ.

"ಈಕಿ ತೂಕದ ಯಂತ್ರ ಏರಿದ ಕೂಡಲೆ ಒಂದೀಟ ಎಳಿ" ಎಂದಳು ಆಯಿ. "ಒಂದೀಟ ಅಂದ್ರ ಒಂದೀಟ. ಬಾವ್ಯಾಗಿನ ಕೊಡ ಸೇದಿದಂಗ ಸೇದಬ್ಯಾಡ."

"ಎಷ್ಟ ಕಿಲೋ ಎಳೀಲಿ ಆಯಿ?"

"ಎರಡ ಸಾಕು."

"ಕಿಲೋಕ್ಕೊಂದು ಉಂಡಿ" ಎಂದಳು ಬಾನುಬಿ. ಎರಡನ್ನೂ ಅಲ್ಲೇ ಕೂತು ತಿಂದಳು.

ಓಣಿಯ ತಿರುವಿನಲ್ಲಿ ಅವಳನ್ನು ಹಿಡಿದೆ.

"ಎಳೀಬ್ಯಾಡ ಬಾನು. ನನ್ನ ಮಗ್ಗ ಹೋಗತೈತಿ."

"ಉಂಡಿ ತಿಂದೀನಲ್ಲ."

"ಎಳದಂಗ ಮಾಡು."

"ನಾ ತಿಂದಂಗ ಮಾಡಿದ್ದಿಲ್ಲ, ಖರೇನ ತಿಂದೀನಿ" ಎಂದಳು. "ನೀ ಹೇಳಲಾ ನಿಮ್ಮ ಆಯಿಗೆ. ಬಾಯಿ ಇಲ್ಲೇನು?"

ಇತ್ತು. ಆದರೆ ಆ ಅಕ್ಕಿಯನ್ನು ಅವ್ವನೂ ಉಣ್ಣುತ್ತಿದ್ದಳು, ಅಪ್ಪನೂ ಉಣ್ಣುತ್ತಿದ್ದ. ಬಾಯಿ ಬಿಟ್ಟರೆ ಅಕ್ಕಿ ಹೋಗುತ್ತದೆ, ಬಿಡದಿದ್ದರೆ ಮಗ್ಗ ಹೋಗುತ್ತದೆ.

"ಇಬ್ಬರಿಗೂ ಹೂಂ ಅಂದೀನಿ ನಾ" ಎಂದಳು ಬಾನುಬಿ. "ಅಲ್ಲೇ ನೋಡಿದರಾತು."

ತೂಕದ ದಿನ ಬೆಳಿಗ್ಗೆ ನಾವು ಹೊರಡುವ ಮೊದಲೇ ಹುಲ್ಲಪ್ಪನ ಎತ್ತಿನ ಗಾಡಿ ನಮ್ಮ ಬಾಗಿಲ ಮುಂದೆ ನಿಂತಿತ್ತು. ಅವನು ಹಗ್ಗ, ಹಾರಿ, ಕೊಡತಿ ಎಲ್ಲ ತಂದಿದ್ದ.

"ಅವಸರಿಲ್ಲ, ಚಾ ಕುಡಿ" ಎಂದ ಅಪ್ಪ. "ಹುಡಿಗಿ ತೂಕ ಮಾಡಿಸಿಕೊಂಡ ಬರಲಿ. ಆಮ್ಯಾಲ ಬಿಚ್ಚೂನಂತ."

ಆಯಿ ನನಗೆ ಮುಂಜಾನೆಯಿಂದ ನೀರು ಕೂಡ ಕೊಟ್ಟಿರಲಿಲ್ಲ. ಬಳೆ ತೆಗೆಸಿದ್ದಳು. ಕಿವಿಯೋಲೆ ತೆಗೆಸಿದ್ದಳು. ತಲೆಗೆ ಎಣ್ಣೆ ಹಚ್ಚಿರಲಿಲ್ಲ.

ಅಂಗನವಾಡಿಯಲ್ಲಿ ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಒಬ್ಬೊಬ್ಬರೇ ಹುಡುಗಿ ಏರಿ ಇಳಿಯುತ್ತಿದ್ದಳು. ಶೀಲಾ ಅಕ್ಕೋರಿಗೆ ಎಲ್ಲರ ಕಳ್ಳಾಟವೂ ಬಾಯಿಪಾಠವಾಗಿತ್ತು.

"ಕೈ ಬಿಡು. ಗ್ವಾಡಿ ಬಿಡು. ಉಸರು ಹಿಡದ್ರ ತೂಕ ಕಮ್ಮಿ ಆಗೂದಿಲ್ಲ, ಅದನ್ನೂ ಬಿಡು."

ನನ್ನ ಸರದಿ ಬಂತು. ಏರಿ ನಿಂತೆ. ಆಯಿ ಹಿಂದಿನಿಂದ ಬಂದು, "ಜಡಿ ಬಿಚ್ಚೇತಿ ನೋಡ, ದೆವ್ವ ಕಂಡಂಗ ಕಾಣತೀ" ಎನ್ನುತ್ತ ಬೆನ್ನ ಮೇಲೆ ಬೆರಳಾಡಿಸಿದಳು. ಕೊಂಡಿ ಬಿದ್ದದ್ದು ನನಗೇ ಗೊತ್ತಾಗಲಿಲ್ಲ. ಆಮೇಲೆ ಸೊಂಟದ ಪಟ್ಟಿ ಒಮ್ಮೆಲೇ ಎದೆಯ ಕಡೆಗೆ ಏರಿತು.

ಅಕ್ಕೋರು ಬಗ್ಗಿ ನೋಡಿದರು. ಚಾಳೀಸು ತೆಗೆದು ಸೆರಗಿನಿಂದ ಒರೆಸಿಕೊಂಡು ಮತ್ತೆ ನೋಡಿದರು.

"ಇಪ್ಪತ್ತಾರು" ಎಂದರು.

"ಪುಣ್ಯವಂತಿ" ಎಂದಳು ಗೋಡೆಯ ಹತ್ತಿರದ ಯಾರೋ ತಾಯಿ.

"ಹೋದ ತಿಂಗಳ ಮೂವತ್ನಾಕರ ಮ್ಯಾಲ ಇದ್ದಳಲ್ಲ" ಎಂದರು ಅಕ್ಕೋರು. "ಇಳಿ, ಯಂತ್ರ ನೋಡ್ತೇನಿ."

ಇಳಿಯಲು ನೋಡಿದೆ. ಆಗಲಿಲ್ಲ. ದಾರ ಬಿಗಿಯಾಗಿತ್ತು. ಬಿಗಿ ಇರುವ ತನಕ ಆಯಿಯ ಕೊಂಡಿ ಯಾರ ಮಾತನ್ನೂ ಕೇಳುವುದಿಲ್ಲ. ಹಿಂದೆ ಆಯಿಯ ಬೆರಳುಗಳು ಅದನ್ನು ಬಿಡಿಸಲು ತಡಕಾಡುವುದು ತಿಳಿಯುತ್ತಿತ್ತು. ಜೀವಮಾನವೆಲ್ಲ ಸಡಿಲು ಹಾಸಿನ ಮೇಲೆ ಕೊಂಡಿ ಹಾಕಿದವಳು, ಎಳೆದು ಹಿಡಿದ ಕೊಂಡಿಯನ್ನು ಬಿಚ್ಚುವ ಪ್ರಸಂಗ ಬರುತ್ತದೆಂದು ಎಣಿಸಿರಲಿಲ್ಲ.

"ಇ‌ಳಿ ಅಂದ್ರ ಇಳಿವಲ್ಲಿ?"

ಆಯಿ ಕಿಡಕಿಯ ಕಡೆ ಮುಖ ಮಾಡಿ ಜೋರಾಗಿ ಕೆಮ್ಮಿದಳು, ಬಿಡು ಎನ್ನುವ ಅರ್ಥದಲ್ಲಿ. ಕೆಮ್ಮಿಗೆ ಏನು ಅರ್ಥ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿರಲಿಲ್ಲ. ಬಾನುಬಿ ಇನ್ನಷ್ಟು ಎಳೆದಳು. ನನ್ನ ಹಿಮ್ಮಡಿ ಎರಡೂ ಮೇಲೆದ್ದವು.

"ಇಪ್ಪತ್ತೊಂದು" ಎಂದರು ಅಕ್ಕೋರು. ಅವರ ಧ್ವನಿ ಬದಲಾಗಿತ್ತು.

ಈಗ ಪುಣ್ಯವಂತಿ ಎಂದು ಯಾರೂ ಅನ್ನಲಿಲ್ಲ. ಅಡುಗೆ ಮಾಡುವ ಸಿದ್ದವ್ವ ಸೌಟು ಹಿಡಿದುಕೊಂಡೇ ಬಂದು, "ಕಣ್ಣ ಮುಂದ ಕರಗಾಕತ್ತಾಳಲ್ರಿ ಅಕ್ಕೋರ" ಎಂದಳು.

"ಟಂಟಂ ಗಾಡಿ ಕರಿ ಸಿದ್ದವ್ವ" ಎಂದರು ಅಕ್ಕೋರು. "ಬಾಗಲಕೋಟಿ ದವಾಖಾನಿಗೆ ಒಯ್ಯಬೇಕು, ಈಗಿಂದೀಗ. ಮನಿಗೆ ಆಮ್ಯಾಲ ಸುದ್ದಿ ಹೇಳಿ ಕಳಸೂನು."

ಬಾಗಲಕೋಟೆಗೆ ಹೋದರೆ ತಿರುಗಿ ಬರುವುದು ಸಂಜೆಗೆ. ಅಷ್ಟರಲ್ಲಿ ಹುಲ್ಲಪ್ಪನ ಎತ್ತು ಸೂಳೇಭಾವಿ ಮುಟ್ಟಿರುತ್ತವೆ. ಅಪ್ಪನಿಗೆ ಹೋಗುವ ಸುದ್ದಿ ಇಪ್ಪತ್ತೊಂದು ಕಿಲೋದ್ದು. ಆ ಕೋಣೆಯಲ್ಲಿ ಎಷ್ಟು ಹೆಂಗಸರು ಇದ್ದರೋ, ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಅಕ್ಕೋರ" ಎಂದೆ.

"ಏನವಾ? ಏನ ಆಗಾಕತ್ತೈತಿ?"

"ನನ್ನ ಬೆನ್ನಿಗೆ ದಾರ ಐತ್ರಿ."

"ಹಾಂ?"

"ದಾರ ಐತ್ರಿ" ಎಂದೆ. ಎರಡನೆಯ ಸಲ ಅದು ನನ್ನ ಧ್ವನಿಯೇ ಅಲ್ಲ ಅನ್ನುವಷ್ಟು ದೊಡ್ಡದಾಗಿ ಬಂತು. ಕಿಡಕಿಯ ಆಚೆಗೂ ಕೇಳಿತು. ದಾರ ಜರ್ರನೆ ಬಿಟ್ಟುಹೋಯಿತು. ನನ್ನ ಹಿಮ್ಮಡಿಗಳು ಯಂತ್ರದ ಮೇಲೆ ಧಪ್ಪೆಂದು ಬಿದ್ದವು. ಮುಳ್ಳು ಓಡಿ, ಹಿಂದೆ ಸರಿದು, ಮೂವತ್ತಾರರ ಮೇಲೆ ನಿಂತಿತು.

ಕೆಂಪು ದಾರ ನನ್ನ ಹೆಗಲ ಮೇಲೆ ಬಿದ್ದಿತ್ತು. ಅಕ್ಕೋರು ಅದನ್ನು ಹಿಡಿದುಕೊಂಡು ತೊಲೆ ನೋಡಿದರು, ಕಿಡಕಿ ನೋಡಿದರು. ಕಿಡಕಿಯಲ್ಲಿ ಬಾನುಬಿಯ ಅರ್ಧ ತಲೆ ಕಂಡು ಮಾಯವಾಯಿತು. ಅಕ್ಕೋರು ನನ್ನ ಬೆನ್ನ ಹಿಂದೆ ಬಂದು ಬಿಚ್ಚಲು ನೋಡಿದರು. ಸಿದ್ದವ್ವನೂ ನೋಡಿದಳು. ಅಲ್ಲಿ ಕೂತಿದ್ದವರೆಲ್ಲ ನೇಕಾರರ ಮನೆಯವರು, ಒಬ್ಬೊಬ್ಬರಾಗಿ ಎದ್ದು ಬಂದು ನೋಡಿದರು. ನೋಡಿದವರು ನೋಡಿದ ಹಾಗೆ ಆಯಿಯ ಕಡೆ ತಿರುಗತೊಡಗಿದರು. ಸಹಿ ಹಾಕಿದ್ದರೂ ಅಷ್ಟು ಸ್ಪಷ್ಟವಾಗಿ ಗೊತ್ತಾಗುತ್ತಿರಲಿಲ್ಲ.

"ಸರೀರಿ" ಎಂದಳು ಆಯಿ. "ರೇಷ್ಮಿ ಐತಿ, ಹರದಗಿರದೀರಿ." ಎರಡು ಬೆರಳು ಆಡಿಸಿದಳು. ಕೊಂಡಿ ಬಿಚ್ಚಿತು.

ಹೆಂಗಸರು ಸೆರಗು ಬಾಯಿಗೆ ಹಿಡಿದುಕೊಂಡು ನಗತೊಡಗಿದರು.

"ಈ ವಯಸ್ಸಿನ್ಯಾಗ ನಾಚಿಕಿ ಬರೂದಿಲ್ಲೇನು ಆಯಿ?" ಎಂದರು ಅಕ್ಕೋರು.

"ನನಗ್ಯಾಕ ನಾಚಿಕಿ? ನಿಮ್ಮ ಯಂತ್ರಕ್ಕ ಬರಬೇಕು. ಹುಡಿಗಿ ನಾಕ ತುತ್ತು ಉಂಡು ನೆಟ್ಟಗಾದ್ಲು ಅಂದ್ರ ಮುಂದಿನ ತಾಟು ಕಸಕೋತೈತಿ. ಉಪಾಸ ಬಿದ್ದಾಕಿಗಷ್ಟ ಬಡಸತೈತಿ. ಅದಕ್ಕ ಈಕಿ ಉಪಾಸ ಬಿದ್ದಂಗ ಮಾಡಿದೆ." ಹೀಗೆಂದು ನನ್ನನ್ನು ಕೆಳಗಿಳಿಸಿ ತಾನೇ ಏರಿ ನಿಂತಳು. "ನನ್ನ ತೂಗ್ರಿ. ನೋಡೂನು ಏನಂತೈತಿ."

"ಇದು ಹರೇದ ಹುಡಿಗೇರಿಗೆ ಆಯಿ."

"ಬರಕೋರಿ, ಹದಿನಾರು ವರ್ಷ. ಹಲ್ಲು ಇನ್ನೂ ಬಂದಿಲ್ಲ ಅಂತ ಬರಕೋರಿ."

ಮತ್ತೆ ನಗೆ. ಅಕ್ಕೋರೂ ನಕ್ಕು, ಬಗ್ಗಿ ಮುಳ್ಳು ನೋಡಿದರು. ನಗು ಅವರ ಮುಖದಿಂದ ಮೊದಲು ಹೋಯಿತು.

"ಮೂವತ್ತೊಂದು" ಎಂದರು. "ಸೀರಿ ಸಹಿತ."

ಒಂಬತ್ತು ಗಜದ ಸೀರೆ ಅದು. ನಾನು ದಿನವಿಡೀ ರಾಟಿಯ ಮುಂದೆ ಕೂತು ಮನೆಯ ಎಲ್ಲವನ್ನೂ ನೋಡುತ್ತಿದ್ದೇನೆ ಎಂದುಕೊಂಡವಳು. ಬುಟ್ಟಿ ಎಳೆದುಕೊಳ್ಳುವ ಆಯಿಯ ಕೈ ನೋಡಿದ್ದೆ. ಆ ಬುಟ್ಟಿಯ ರೊಟ್ಟಿ ಯಾರ ತಾಟಿಗೆ ಹೋಗುತ್ತಿತ್ತು ಎಂದು ನೋಡಿರಲಿಲ್ಲ. ಅಪ್ಪನ ತಾಟಿಗೆ ಹೋಗುತ್ತಿತ್ತು. ಅವ್ವನ ತಾಟಿಗೆ ಹೋಗುತ್ತಿತ್ತು.

"ನಾಳೆ ನನ್ನ ಜೋಡಿ ದವಾಖಾನಿಗೆ ಬರ್ರಿ ಆಯಿ" ಎಂದರು ಅಕ್ಕೋರು ಮೆಲ್ಲಗೆ.

"ನನಗೇನ ಆಗೇತಿ? ಹಗುರ ಇದ್ದರ ಚಲೋನ. ಹೊರೂ ನಾಕ ಮಂದೀಗೆ ಹೆಗಲು ನೋಯೂದಿಲ್ಲ." ಆಯಿ ಇಳಿದು ದಾರವನ್ನು ಸುತ್ತಿ ಗಂಟಿನಲ್ಲಿ ಇಟ್ಟುಕೊಂಡಳು. ಆದರೂ ಬಾಗಿಲ ತನಕ ಹೋಗಿ ತಿರುಗಿ, "ಎಷ್ಟೊತ್ತಿಗೆ ಹೋಗೂದು?" ಎಂದು ಕೇಳಿದಳು.

ಹೊರಗೆ ಬಾನುಬಿ ನುಗ್ಗೆ ಗಿಡದ ಹತ್ತಿರ ಕಾಯುತ್ತಿದ್ದಳು.

"ಹದಿನೈದು ಕಿಲೋ ಎಳದೀನಿ ಆಯಿ. ಎರಡು ಕೊಟ್ಟೀದಿ, ಹದಿಮೂರುಂಡಿ ಬಾಕಿ."

"ನಿನ್ನ ಹಲ್ಲು ಉದುರಲಿ" ಎಂದಳು ಆಯಿ, ಹೆಚ್ಚು ಸಿಟ್ಟಿಲ್ಲದೆ. ದಾರಿಯುದ್ದಕ್ಕೂ ಅವಳು ನನ್ನ ಕಡೆ ನೋಡಲಿಲ್ಲ. ಮನೆ ಹತ್ತಿರ ಬಂದಾಗ ಮಾತ್ರ, "ದಾರ ಐತ್ರಿ ಅಂತ. ಹದಿನೈದು ವರ್ಷ ಬಾಯಿ ಮುಚ್ಚಿಕೊಂಡು ಇದ್ದಾಕಿ, ಇವತ್ತ ತಗದಳು" ಎಂದು ತನಗೇ ಎಂಬಂತೆ ಅಂದಳು.

ಪಡಸಾಲೆಯಲ್ಲಿ ಅವ್ವನ ಮಗ್ಗದ ಚಾದರ ತೆಗೆದಿತ್ತು. ಹುಲ್ಲಪ್ಪ ಕಟ್ಟೆಯ ಮೇಲೆ ಚಾ ಬಸಿ ಹಿಡಿದುಕೊಂಡು ಕೂತಿದ್ದ.

"ಅಕ್ಕಿ ಬಂದ್ ಆತು ಗೋವಿಂದಾ" ಎಂದಳು ಆಯಿ.

"ಎಷ್ಟ ಬಂದ್ಲು?"

"ಮೂವತ್ತಾರು."

ಸುದ್ದಿ ನಮಗಿಂತ ಮೊದಲೇ ಬಂದಿರಬೇಕು. ಅಪ್ಪ ತಾಯಿಯ ಮುಖ ನೋಡಿ ಕೇಳಿದ. "ದಾರ ಹಚ್ಚಿಯೋ, ಬಿಟ್ಟೋ?"

"ಬಿಟ್ಟು" ಎಂದಳು ಆಯಿ. "ಏನ ನೋಡತೀ? ಅಕ್ಕಿ ಹೋತು. ಇನ್ನ ಮಗ್ಗಾನೂ ಗಾಡಿ ಏರಿಸಿದ್ರ ತಿನ್ನೂದೇನು, ನಿನ್ನ ಮಾತಾ? ಕೂಡಸು ಆಕಿನ್ನ."

ಅಪ್ಪ ಕುಣಿಯ ಪಕ್ಕಕ್ಕೆ ಸರಿದ. ನಾನು ಇಳಿದು ಕೂತೆ. ಅವ್ವ ಒಳಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತಳು. ಹಲಗೆ ತುಳಿದೆ. ಮೊದಲ ಸಲ ಹಾಸು ಅರ್ಧ ಬಾಯಿ ತೆರೆದು ಮುಚ್ಚಿತು. ಹಿಂದಕ್ಕೆ ಒರಗಿ, ಸೊಂಟದಿಂದ ಒತ್ತಿದೆ. ತೆರೆಯಿತು. ಲಾಳಿ ಎಸೆದೆ. ಅದು ಆಚೆಗೆ ಹೋಗಿ ನೆಲಕ್ಕೆ ಬಿತ್ತು. ಅಪ್ಪ ಎತ್ತಿಕೊಟ್ಟ. ಮತ್ತೆ ಎಸೆದೆ.

ಎಳೆ ಕೂಡಿಸುವ ಹಣಿಗೆಯನ್ನು ಬಡಿದೆ. ತುಳಿದೆ. ಎಸೆದೆ. ಸದ್ದು ಮೊದಮೊದಲು ಕುಂಟುತ್ತಿತ್ತು, ಆಮೇಲೆ ನೆಟ್ಟಗೆ ನಡೆಯತೊಡಗಿತು. ಹಲಗೆಯನ್ನು ಮುಟ್ಟಲು ಕಾಲು ಚಾಚಿ ಚಾಚಿ ಮೀನಖಂಡ ನೋಯುತ್ತಿತ್ತು, ಆದರೆ ಉಸಿರು ಕಟ್ಟಲಿಲ್ಲ. ಅಪ್ಪ ಬಟ್ಟೆ ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದ. ತುಟಿ ಬಿಳಿಚುತ್ತದೆಯೋ, ಕಣ್ಣು ತೇಲುತ್ತದೆಯೋ ಎಂದು ಕಾಯುತ್ತಿದ್ದ. ಅವ್ವನೂ ಅದನ್ನೇ ಕಾಯುತ್ತಿದ್ದಳು.

"ದಡಿ ಸೊಟ್ಟ ಬರಾಕತ್ತೈತಿ" ಎಂದ ಹುಲ್ಲಪ್ಪ.

"ನೀ ಚಾ ಕುಡಿ" ಎಂದಳು ಆಯಿ.

"ಎಷ್ಟ ಚಾ ಕುಡೀಲಿ? ಎತ್ತು ಬಿಸಲಾಗ ನಿಂತಾವು. ಬಿಚ್ಚೂದೋ ಬ್ಯಾಡೋ, ಒಂದು ಮಾತ ಹೇಳು ಗೋವಿಂದಪ್ಪ."

ಅಪ್ಪ ಬಗ್ಗಿ ಕುಣಿಯ ಒಳಗೆ ಇಣುಕಿದ.

"ಹೆಂಗೂ ಹಗ್ಗಕ್ಕ ಕೈ ಹಚ್ಚಾಕ ಬಂದೀದಿ ಹುಲ್ಲಪ್ಪ" ಎಂದ. "ಕುಣಿಗೆ ಇಳಿ. ಆ ಎರಡೂ ಹಲಗಿ ನಾಕ ಬೆರಳ ಮ್ಯಾಲ ಕಟ್ಟು. ಈಕಿ ಕಾಲು ಗಿಡ್ಡ ಅದಾವು, ಮುಟ್ಟವಲ್ವು."

ಹುಲ್ಲಪ್ಪ ಬಸಿ ಕೆಳಗಿಟ್ಟು ಆಯಿಯ ಮುಖ ನೋಡಿದ, ಅಪ್ಪನ ಮುಖ ನೋಡಿದ.

"ಮಗ್ಗ ಒಯ್ಯಾಕ ಬಂದಾಂವ ಮಗ್ಗ ಕಟ್ಟಿಕೊಟ್ಟು ಹೋಗಬೇಕು. ಭಾಳ ಚಲೋ ಆತು" ಎನ್ನುತ್ತ ಧೋತರ ಮೇಲೆ ಕಟ್ಟಿಕೊಂಡು ಬಂದು, ನನ್ನ ಪಕ್ಕದಲ್ಲಿ ಕುಣಿಗೆ ಇಳಿದು ಕೂತ.

"ಕಾಲು ಎತ್ತವಾ" ಎಂದ.